ಕಾಯಿಸದೆ ಬಗ್ಗಿಸಿದ ತಂತಿ

ನಡುಗುವ ಕೈಗೆ ಮದ್ದು ಎತ್ತರದಿಂದ ಬೀಳುವುದರಲ್ಲಿದೆ ಎಂದು ಹಿಂದೆ ಯಾರಾದರೂ ಹೇಳಿದ್ದರೆ ಬೆಟಗೇರಿಯ ಮಂದಿ ಮೊದಲು ಅವನಿಗೇ ಮದ್ದು ಕೊಡಿಸಲು ಹೊರಡುತ್ತಿದ್ದರು. ಈಗ ಅದೇ ಮಂದಿ ಬುತ್ತಿ ಕಟ್ಟಿಕೊಂಡು, ಹೊನ್ನಗುಡ್ಡದ ಬಸ್ಸು ಹಿಡಿದು, ಮನೆಯ ಹಿರಿಯರನ್ನು ತಾವೇ ಕರೆದೊಯ್ದು ಬೀಳಿಸಿಕೊಂಡು ಬರುತ್ತಿದ್ದರು. "ನಿಮ್ಮ ಕಾಕಾನ್ನ ಬೀಳಿಸಿಕೊಂಡ ಬಂದ್ರೇನು?" ಎಂದು ಒಬ್ಬರು ಕೇಳಿದರೆ, "ಹ್ಞೂಂರಿ, ನಿನ್ನೆನ ಬಿದ್ದ ಬಂದ್ರು. ಇವತ್ತ ತಾವ ಕಪ್ಪ-ಬಸಿ ಹಿಡದ ಚಾ ಕುಡದ್ರು" ಎಂದು ಇನ್ನೊಬ್ಬರು ಹೇಳುವುದು ಸಂತೆಯಲ್ಲಿ ಮಾಮೂಲಿ ಮಾತಾಗಿಬಿಟ್ಟಿತ್ತು.

ಹೊನ್ನಗುಡ್ಡದಲ್ಲಿ ಒಂದು ಕಾಲಕ್ಕೆ ಚಿನ್ನ ತೆಗೆಯುತ್ತಿದ್ದರು. ಚಿನ್ನ ಮುಗಿಯಿತು, ಗಣಿಯ ಬಾವಿ ಉಳಿಯಿತು. ಎಂಟುನೂರು ಮೀಟರ್ ಆಳ, ನೂಲು ಬಿಟ್ಟಂತೆ ನೆಟ್ಟಗೆ. ಅದರೊಳಗೆ ಆಯಸ್ಕಾಂತದ ಹಳಿ ಕೂಡಿಸಿ, ನಾಲ್ಕು ಮಂದಿ ಕೂರುವ ಒಂದು ಗೂಡನ್ನು ತೂಗುಬಿಟ್ಟಿದ್ದರು. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಜನ ಅದನ್ನು ತೊಟ್ಟಿಲು ಎಂದರು, ಕೊನೆಗೆ ಕಚೇರಿಯವರೂ ತೊಟ್ಟಿಲು ಎಂದೇ ಬರೆಯತೊಡಗಿದರು. ತೊಟ್ಟಿಲನ್ನು ಮೇಲಿಂದ ಬಿಡುತ್ತಿದ್ದರು. ಗಾಳಿ ತಡೆಯುವಷ್ಟನ್ನು ಮಾತ್ರ ಆಯಸ್ಕಾಂತ ತಳ್ಳಿ ಸರಿದೂಗಿಸುತ್ತಿತ್ತು, ಉಳಿದದ್ದೆಲ್ಲ ಭೂಮಿಯ ಕೆಲಸ. ಎಂಟು ಸೆಕೆಂಡು ಒಳಗಿದ್ದವರಿಗೆ ತೂಕವೇ ಇರುತ್ತಿರಲಿಲ್ಲ. ಆಮೇಲೆ ಅದೇ ಆಯಸ್ಕಾಂತ ಹಿಂದಕ್ಕೆಳೆದು, ಬುಡ ಮುಟ್ಟುವ ಮೊದಲು ಹಗುರಕ್ಕೆ ನಿಲ್ಲಿಸುತ್ತಿತ್ತು. ಆ ಎಂಟು ಸೆಕೆಂಡಿನಲ್ಲಿ ಕಂಪವಾತದವರ ಮಿದುಳಿಗೆ ಏನಾಗುತ್ತದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಜಗಳವಿತ್ತು. ಮೇಲೆ ಬಂದವರ ಕೈ ನಾಲ್ಕು ದಿನ ನಡುಗುವುದಿಲ್ಲ ಎಂಬುದರಲ್ಲಿ ಯಾವ ಜಗಳವೂ ಇರಲಿಲ್ಲ.

ತೊಟ್ಟಿಲು ಬಿಡುವ ಕೀಲಿ ಮಧುಮತಿಯ ಕೈಯಲ್ಲಿತ್ತು. ನಿಯಂತ್ರಣ ಕೊಠಡಿಯಲ್ಲಿ ಕೂತು, ಹಿಂದಿನ ಸಲದ ಇಳಿತ ಸರಿಯಾಗಿತ್ತೇ ಎಂದು ಪರದೆಯ ಮೇಲಿನ ನಕ್ಷೆ ನೋಡಿ, ಕೀಲಿ ತಿರುವುವುದು ಅವಳ ಕೆಲಸ. ತೊಟ್ಟಿಲನ್ನು ತಡೆದು ನಿಲ್ಲಿಸುವ ಆಯಸ್ಕಾಂತಗಳ ಯಜಮಾನ ಅವಳ ಗಂಡ ದೇವೇಂದ್ರ. ಗಂಡ ಹೆಂಡತಿ ಒಂದೇ ಸ್ಕೂಟರಿನಲ್ಲಿ ಹೋಗಿ ಬಂದು ಮಾಡುತ್ತಿದ್ದರು. ಒಬ್ಬರು ಬಿಡುತ್ತಾರೆ, ಒಬ್ಬರು ಹಿಡಿಯುತ್ತಾರೆ ಎಂದು ತೊಟ್ಟಿಲು ಕೇಂದ್ರದ ಉಳಿದವರು ಚೇಷ್ಟೆ ಮಾಡಿದರೆ ಮಧುಮತಿಗೆ ಒಳಗೊಳಗೇ ಹಿತವಾಗುತ್ತಿತ್ತು.

ದೇವೇಂದ್ರ ಅವಳಿಗೆ ಹೊರಗಿನವನಲ್ಲ. ಅವಳ ಅಪ್ಪ ಮೌನೇಶಪ್ಪ ಪತ್ತಾರರ ತಂಗಿಯ ಮಗ. ತಂದೆ ತೀರಿಕೊಂಡ ಮೇಲೆ ಸೋದರಮಾವನ ಮನೆಯಲ್ಲೇ ಬೆಳೆದ. ಬೆಟಗೇರಿಯ ಆ ಸಣ್ಣ ಮನೆಯ ಪಡಸಾಲೆಯಲ್ಲಿ, ಕುಲುಮೆಯ ಪಕ್ಕ, ಮಾವ ಅವನಿಗೆ ಅರ ಹಿಡಿಯುವುದನ್ನು ಕಲಿಸಿದರು, ಇಕ್ಕಳ ಹಿಡಿಯುವುದನ್ನು ಕಲಿಸಿದರು. ಹುಡುಗ ಚುರುಕು, ಆದರೆ ತಾಳ್ಮೆ ಕಡಿಮೆ. ಬೆಳ್ಳಿಯ ತಂತಿ ಬಗ್ಗಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಿ ಮೆತ್ತಗೆ ಮಾಡಬೇಕು. ಅಷ್ಟು ಹೊತ್ತು ಕಾಯುವುದು ಅವನಿಂದ ಆಗುತ್ತಿರಲಿಲ್ಲ. ತಣ್ಣನೆಯ ತಂತಿಯನ್ನೇ ಇಕ್ಕಳದಲ್ಲಿ ಹಿಡಿದು ಚಕ್ಕನೆ ಮಡಚಿ ಮೂಲೆ ಮಾಡಿಬಿಡುತ್ತಿದ್ದ. "ಕಾಯಸಲಾರದ ಬಗ್ಗಸಬ್ಯಾಡೋ ದೇವು. ಮ್ಯಾಲೆ ಏನೂ ಕಾಣಂಗಿಲ್ಲ, ಒಳಗ ಸೀಳಿರತೈತಿ" ಎಂದು ಮಾವ ತಲೆಗೊಂದು ಮೊಟಕುತ್ತಿದ್ದರು. ಎದುರಿಗೆ ಕೂತು ಪಾಠ ಓದುತ್ತಿದ್ದ ಮಧುಮತಿ ನಗುತ್ತಿದ್ದಳು. ಮುಂದೆ ಅದೇ ಹುಡುಗ ಓದಿ ಇಂಜಿನಿಯರ್ ಆದಾಗ, ಮನೆಯ ಮಗಳನ್ನು ಮನೆಯ ಹುಡುಗನಿಗೇ ಕೊಟ್ಟೆ ಎಂದು ಮೌನೇಶಪ್ಪ ಊರೆಲ್ಲ ಪೇಢೆ ಹಂಚಿದ್ದರು.

ಆ ಮೌನೇಶಪ್ಪನವರ ಕೈ ನಡುಗಲು ಶುರುವಾಯಿತು. ಅಕ್ಕಸಾಲಿಗನ ಕೈ ನಡುಗುವುದೆಂದರೆ ಏನೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಹಳೇ ನಮೂನೆಯ ಕಿವಿಯ ಬುಗುಡಿ ಮಾಡುವವರು ಬೆಟಗೇರಿಯಲ್ಲಿ ಅವರೊಬ್ಬರೇ ಉಳಿದಿದ್ದರು. ಒಂದು ದಿನ ಸಾಸಿವೆಯಷ್ಟು ದಪ್ಪದ ಚಿನ್ನದ ಗುಂಡನ್ನು ಕೂಡಿಸಲು ಹೋಗಿ ಅದು ಮೂರು ಸಲ ಜಾರಿ ಬಿತ್ತು. ಅವರು ಅರಿವೆ ಹಾಸಿ, ಇಕ್ಕಳವನ್ನು ಅದರೊಳಗೆ ಸುತ್ತಿಟ್ಟು, ಹಿತ್ತಲಿಗೆ ಹೋಗಿ ಕೂತರು. ಮಗಳು ಹಿಂದೆಯೇ ಹೋಗಿ ನೋಡಿದರೆ ಅಪ್ಪ ಅಳುತ್ತಿದ್ದರು.

ತೊಟ್ಟಿಲಲ್ಲಿ ಮೊದಲು ಕೂತವರಲ್ಲಿ ಅವರೂ ಒಬ್ಬರು. ಕಿಸೆಯಲ್ಲಿ ಒಂದು ಗುಲಗಂಜಿ ಒಯ್ದಿದ್ದರು, ಚಿನ್ನ ತೂಗುವ ಕೆಂಪು ಕಾಳು. ಜನ್ಮವಿಡೀ ತೂಕದ ಕೆಲಸ ಮಾಡಿದವರಿಗೆ, ತೂಕವೇ ಇಲ್ಲದ ಜಾಗದಲ್ಲಿ ಅದೇನು ಮಾಡುತ್ತದೆ ಎಂದು ನೋಡುವ ಆಸೆ. ಬಿಟ್ಟ ಕೂಡಲೇ ಅಂಗೈ ತೆರೆದರಂತೆ. ಗುಲಗಂಜಿ ಅಂಗೈ ಬಿಟ್ಟು ಮೇಲೆದ್ದು ಮೂಗಿನ ಮುಂದೆ ನಿಂತಿತಂತೆ. ಇಳಿತ ಮುಗಿಯುತ್ತಾ ಬಂದಾಗ ತಾನಾಗಿಯೇ ಅಂಗೈಗೆ ಬಂದು ಕೂತಿತಂತೆ. ಈ ಸುದ್ದಿಯನ್ನು ಅವರು ಕಟಿಂಗ್ ಅಂಗಡಿಯಲ್ಲಿ, ಹಾಲಿನವನಿಗೆ, ಕರೆಂಟ್ ಬಿಲ್ ಕೊಡಲು ಬಂದವನಿಗೆ, ಎಲ್ಲರಿಗೂ ಹೇಳಿದರು. ಕೇಂದ್ರದವರು ಅವರ ಕೈಯ ಫೋಟೋ ತೆಗೆದು ದೊಡ್ಡ ಬೋರ್ಡು ಮಾಡಿಸಿ ಬಸ್ ನಿಲ್ದಾಣದಲ್ಲಿ ಹಾಕಿದರು. ಇಕ್ಕಳ ಹಿಡಿದ ಕೈ, ಅದರ ತುದಿಯಲ್ಲಿ ಅಲುಗದೆ ನಿಂತ ಚಿನ್ನದ ಗುಂಡು.

ಎಲ್ಲ ಸರಿಯಾಗಿತ್ತು. ಸರಿಯಾಗಿದ್ದದ್ದು ಕೆಲವರಿಗೆ ಸಾಲುವುದಿಲ್ಲ.

ಒಂದು ಸಂಜೆ ದೇವೇಂದ್ರ ಊಟಕ್ಕೆ ಕೂತವನು, ಎಂಟು ಸೆಕೆಂಡನ್ನು ಹತ್ತು ಮಾಡಿದ್ದೇವೆ ಎಂದ. ಹತ್ತು ಸೆಕೆಂಡು ಬಿದ್ದರೆ ಕೈ ಹತ್ತು ದಿನ ನಿಲ್ಲುತ್ತದೆ. ಮಧುಮತಿ ರೊಟ್ಟಿ ಬಡಿಯುವುದನ್ನು ಬಿಟ್ಟು ತಿರುಗಿದಳು.

"ಎಲ್ಲಿಂದ ಬಂತ್ರಿ ಇನ್ನೆರಡ ಸೆಕೆಂಡ? ಬಾವಿ ಅಷ್ಟ ಐತಲ್ಲ?"

"ಬುಡದಾಗ ಹಳೇ ನೀರ ನಿಂತಿತ್ತಲ್ಲ, ಬಸದ ಹಾಕೇವಿ" ಎಂದ ದೇವೇಂದ್ರ, ಪುಂಡಿಪಲ್ಲೆ ಬಡಿಸಿಕೊಳ್ಳುತ್ತ. "ಅದರ ಕೆಳಗ ಇನ್ನೂ ನಾಲ್ಕನೂರ ಮೀಟರಕಿಂತ ಜಾಸ್ತಿ ಸಿಕ್ಕೈತಿ. ಹಳೇ ಮಂದಿ ಎಷ್ಟ ಆಳ ತೋಡಿದ್ರು ಅಂತ ನಮಗ ಗೊತ್ತ ಇರಲಿಲ್ಲ."

"ನಾಲ್ಕನೂರ?"

"ಹ್ಞೂಂ. ಇನ್ನೊಂದ ರೊಟ್ಟಿ ಹಾಕು."

ಅವಳು ಇನ್ನೊಂದು ರೊಟ್ಟಿ ಹಾಕಿದಳು. ಅದರ ಮೇಲೆ ಬೆಣ್ಣೆಯನ್ನೂ ಇಟ್ಟಳು. ಆ ಬೆಣ್ಣೆ ಇಟ್ಟದ್ದು ಮುಂದೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಅದೇ ವಾರ ನಿಯಂತ್ರಣ ಕೊಠಡಿಯ ಪರದೆಯೂ ಬದಲಾಯಿತು. ಮೊದಲು ನಕ್ಷೆಯ ನಿಂತ ಗೆರೆಯ ಮೇಲೆ ಮೀಟರುಗಳಿದ್ದವು, ಮಲಗಿದ ಗೆರೆಯ ಮೇಲೆ ಸೆಕೆಂಡುಗಳು. ಈಗ ಮೀಟರು ಹೋಗಿ, ಬುಡದವರೆಗಿನ ದಾರಿಯಲ್ಲಿ ನೂರಕ್ಕೆ ಎಷ್ಟು ಪಾಲು ಎಂದು ಬಂತು. ಇಳಿತ ಉದ್ದವಿರಲಿ ಗಿಡ್ಡವಿರಲಿ, ನಕ್ಷೆ ತಾನೇ ಹಿಗ್ಗಿ ಕುಗ್ಗಿ ಪರದೆಯ ಚೌಕಟ್ಟಿಗೆ ಸರಿಯಾಗಿ ಕೂರುವಂತೆಯೂ ಮಾಡಿದ್ದರು. ನೋಡಲು ಬರುವ ದೊಡ್ಡ ಮನುಷ್ಯರಿಗೆ ಇದು ಚೆಂದ ಕಾಣುತ್ತದೆ ಎಂದರು. ದೊಡ್ಡ ಮನುಷ್ಯರಿಗೆ ಚೆಂದ ಕಾಣಲೆಂದು ಬದಲಾದ ಎಷ್ಟೋ ವಸ್ತುಗಳ ಸಾಲಿನಲ್ಲಿ ಇದೂ ಒಂದು ಎಂದು ಮಧುಮತಿ ಸುಮ್ಮನಾದಳು.

ಹತ್ತು ಸೆಕೆಂಡಿನ ಮೊದಲ ಇಳಿತದಿಂದ ಬಂದ ಮೌನೇಶಪ್ಪ, ಮಗಳ ಕುರ್ಚಿಯ ಪಕ್ಕ ನಿಂತು ಅಂಗೈ ತೋರಿಸಿದರು. ನಡುವೆ ಕೆಂಪಗೆ ಒಂದು ಚುಕ್ಕೆ.

"ಗುಲಗಂಜಿ ಈ ಸರ್ತಿ ಬಂದ ಕೂಡ್ರಲಿಲ್ಲ, ಮಗಳ. ಬಂದ ಹೊಡೀತು. ಕಣ್ಣ ಮುಂದ ಒಂದ ಗಳಿಗಿ ಕತ್ತಲಿ ಆತು. ನಕ್ಷೆದಾಗ ಏನರ ಫರಕ ಐತೇನು ನೋಡು."

ಅವಳು ಪರದೆ ನೋಡಿದಳು. ಸೊನ್ನೆಯಿಂದ ಹೊರಟು, ಬಳುಕಿ ಏರಿ, ಕೊನೆಯಲ್ಲಿ ಮೆಲ್ಲಗೆ ಚಪ್ಪಟೆಯಾಗುವ ಅದೇ ಗೆರೆ. ಹಿಂದಿನ ದಿನಗಳಲ್ಲಿ ನೋಡಿದ್ದೂ ಇದೇ ಬಳುಕು.

"ಹಂಗ ಐತಪ್ಪ. ಏನೂ ಫರಕ ಇಲ್ಲ."

"ನೀ ಹೇಳಿದಿ ಅಂದ್ರ ಮುಗೀತು" ಎಂದು ಅವರು ಕಿಸೆಯಲ್ಲಿ ಗುಲಗಂಜಿ ಇಟ್ಟುಕೊಂಡು ಹೊರಟರು. ದೇವೇಂದ್ರನನ್ನು ಕೇಳಿದ್ದರೂ ಅವನು ಇದನ್ನೇ ಹೇಳುತ್ತಿದ್ದ. ಆದರೆ ಅವರು ಕೇಳಿದ್ದು ಮಗಳನ್ನು. ಎರಡನೆಯ ಸಲವೂ ಕೇಳಿದರು, ಅವಳು ಹಂಗ ಐತಿ ಎಂದಳು. ಮೂರನೆಯ ಇಳಿತದ ಮರುದಿನ ಬೆಳಿಗ್ಗೆ ಅವರು ಎದ್ದಾಗ ಬಲಗಣ್ಣಿನಲ್ಲಿ ಕೆಂಪು ಪರದೆ ಇಳಿಬಿಟ್ಟಂತಿತ್ತು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರರು ಒಳಗಿನ ರಕ್ತನಾಳ ಒಡೆದಿದೆ ಎಂದರು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಎಂದು ಕೇಳಿದರು. ಬಲಗಣ್ಣು ಉಳಿಯಲಿಲ್ಲ. ಎಡಗಣ್ಣಿನ ನಾಳಗಳೂ ಹಣ್ಣಾಗಿವೆ, ಒಂದು ಪೆಟ್ಟು ಬಿದ್ದರೆ ಅದೂ ಹೋಗುತ್ತದೆ ಎಂದು ಹೇಳಿ, ಅದಕ್ಕೂ ಚಿಕಿತ್ಸೆ ಮಾಡಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಪೆಟ್ಟು ಎಂದ ಕೂಡಲೇ ಮಧುಮತಿಗೆ ಅಂಗೈಯ ಕೆಂಪು ಚುಕ್ಕೆ ನೆನಪಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಗಂಡನಿಗೆ ಹೇಳಿದಳು.

"ಸಕ್ಕರಿ ಕಾಯಿಲೆಗೆ ತೊಟ್ಟಿಲೇನ ಮಾಡತೈತಿ? ಡಾಕ್ಟರ ಬಾಯಿಲೆ ಕೇಳಿದ್ಯಲ್ಲ" ಎಂದ ದೇವೇಂದ್ರ. "ಪಟ್ಟಿ ಬಿಚ್ಚಿದ ಮ್ಯಾಲ ಮಾವಗ ಮತ್ತೊಂದ ಇಳತ ಬೇಕ ಆಗತೈತಿ. ಅಷ್ಟರಾಗ ಕೈ ಸುರು ಆಗಿರತಾವ."

ಅವನ ದನಿಯಲ್ಲಿ ಮರುಕವಿತ್ತು. ಮಾವನ ತೋಳು ಹಿಡಿದು ಕಾರಿನವರೆಗೆ ನಡೆಸಿಕೊಂಡು ಹೋದವನೂ ಅವನೇ. ಮೌನೇಶಪ್ಪ ಅಳಿಯನ ಹೆಗಲ ಮೇಲೆ ಕೈ ಇಟ್ಟು, "ನೀ ಇದ್ದಿ, ನನಗೇನ ಚಿಂತಿ" ಎಂದರು. ಮಧುಮತಿ ಗಂಡನನ್ನು ನಂಬಿದಳು. ನಂಬದಿರಲು ಅವಳಿಗೆ ಕಾರಣ ಬೇಕಿತ್ತು, ಕಾರಣ ಇರಲಿಲ್ಲ.

ಕಾರಣ ಸಿಕ್ಕಿದ್ದು ಒಂಬತ್ತನೇ ತರಗತಿಯ ಪಾಠದಲ್ಲಿ.

ಗದಗಿನ ಒಂದು ಶಾಲೆಯ ಮಕ್ಕಳು ತೊಟ್ಟಿಲು ನೋಡಲು ಬರುವವರಿದ್ದರು. ಅವರಿಗೆ ಚಲನೆಯ ನಕ್ಷೆ ಓದುವುದನ್ನು ಹೇಳಿಕೊಡಿ ಎಂದು ಅವಳಿಗೇ ಒಪ್ಪಿಸಿದ್ದರು. ಗೋಡೆಗೆ ತೂಗುಹಾಕಿದ್ದ ಮೊಟ್ಟಮೊದಲ ಇಳಿತದ ನಕ್ಷೆಯನ್ನು ಅವಳು ಚೌಕಟ್ಟಿನ ಸಮೇತ ಇಳಿಸಿಕೊಂಡಳು. ಪರದೆಯಿಂದ ಅವತ್ತು ಬೆಳಗಿನ ಇಳಿತದ ನಕ್ಷೆಯೊಂದನ್ನು ಮುದ್ರಿಸಿಕೊಂಡಳು. ಎರಡನ್ನೂ ಮೇಜಿನ ಮೇಲೆ ಹರಡಿ, ಅಳತೆಪಟ್ಟಿ, ಪೆನ್ಸಿಲು, ಚೌಕುಳಿ ಹಾಳೆ ಇಟ್ಟುಕೊಂಡು, ಎದುರಿಗೆ ಮಕ್ಕಳಿದ್ದಾರೆ ಎಂದುಕೊಂಡು ಮನಸ್ಸಿನಲ್ಲೇ ಪಾಠ ಶುರುಮಾಡಿದಳು.

ದೂರದ ನಕ್ಷೆಯಲ್ಲಿ ಗೆರೆ ಎಲ್ಲಿದೆ ಎಂದು ನೋಡಿದರೆ ತೊಟ್ಟಿಲು ಎಲ್ಲಿದೆ ಎಂದು ತಿಳಿಯುತ್ತದೆ. ಗೆರೆ ಎಷ್ಟು ಕಡಿದಾಗಿದೆ ಎಂದು ನೋಡಿದರೆ ವೇಗ ತಿಳಿಯುತ್ತದೆ. ಗೆರೆ ಚಪ್ಪಟೆ ಮಲಗಿದ್ದರೆ ತೊಟ್ಟಿಲು ನಿಂತಿದೆ, ನೆಟ್ಟಗೆ ಏರಿದ್ದರೆ ಓಡುತ್ತಿದೆ. ಬಳುಕಿನ ಮೇಲೆ ಒಂದು ಜಾಗಕ್ಕೆ ಪಟ್ಟಿಯನ್ನು ತಾಗಿಸಿ ಇಡಬೇಕು. ಪಟ್ಟಿ ಒಂದು ಸೆಕೆಂಡಿಗೆ ಎಷ್ಟು ಮೀಟರು ಏರುತ್ತದೋ ಅದೇ ಆ ಕ್ಷಣದ ವೇಗ. ಹೀಗೆ ಸೆಕೆಂಡು ಸೆಕೆಂಡಿಗೆ ವೇಗ ತೆಗೆದು ಇನ್ನೊಂದು ಹಾಳೆಯ ಮೇಲೆ ಚುಕ್ಕೆ ಇಟ್ಟು ಕೂಡಿಸಿದರೆ ವೇಗದ ನಕ್ಷೆ ಬರುತ್ತದೆ. ಆ ನಕ್ಷೆಯ ಗೆರೆ ಎಷ್ಟು ಕಡಿದಾಗಿದೆ ಎಂದು ನೋಡಿದರೆ ವೇಗೋತ್ಕರ್ಷ, ಎಂದರೆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂಬುದು. ಮನುಷ್ಯನ ಮೈಗೆ ತಾಗುವುದು ದೂರವಲ್ಲ, ವೇಗವೂ ಅಲ್ಲ, ಇದು.

ಮೊದಲ ಇಳಿತದ ವೇಗದ ನಕ್ಷೆ ಚೆಂದ ಬಂತು. ಎಂಟು ಸೆಕೆಂಡು ನೆಟ್ಟನೆಯ ಏರು. ನೆತ್ತಿಯಲ್ಲಿ ದುಂಡನೆಯ ಹೆಗಲು, ತಡೆಯುವ ಬಲವನ್ನು ದೇವೇಂದ್ರ ಅಲ್ಲಿ ಸ್ವಲ್ಪ ಸ್ವಲ್ಪವೇ ಕೂಡಿಸುತ್ತಿದ್ದ. ಆಮೇಲೆ ಉದ್ದನೆಯ, ಸಾವಕಾಶದ ಇಳುಕಲು.

ಈಗಿನದರಲ್ಲಿ ಮೀಟರೇ ಇರಲಿಲ್ಲ, ಬರೀ ಪಾಲು. ಮಕ್ಕಳು ಕೇಳಿದರೆ ಏನು ಹೇಳುವುದು ಎಂದು ಅವಳು ಯೋಚಿಸಿದಳು. ಉಪಾಯ ಕೂಡಲೇ ಹೊಳೆಯಿತು. ಸುಮ್ಮನೆ ಬೀಳುವ ಯಾವುದೇ ವಸ್ತುವಿನ ವೇಗ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಮೀಟರಿನಷ್ಟು ಹೆಚ್ಚುತ್ತ ಹೋಗಲೇಬೇಕು. ಭೂಮಿ ಬೆಟಗೇರಿಯವರಿಗೊಂದು, ಹೊನ್ನಗುಡ್ಡದವರಿಗೊಂದು ಲೆಕ್ಕ ಇಟ್ಟುಕೊಂಡಿಲ್ಲ. ಮೊದಲ ಏರಿನ ಇಳಿಜಾರನ್ನು ಅಷ್ಟಕ್ಕೆ ಹೊಂದಿಸಿಕೊಂಡರೆ ಒಂದು ಪಾಲೆಂದರೆ ಎಷ್ಟು ಮೀಟರು ಎಂದು ತಾನೇ ಸಿಗುತ್ತದೆ. ಅವಳಿಗೆ ತನ್ನ ಜಾಣತನದ ಬಗ್ಗೆ ಖುಷಿಯಾಯಿತು. ಹೊಂದಿಸಿಕೊಂಡಳು, ಪಟ್ಟಿ ತಾಗಿಸಿದಳು, ಚುಕ್ಕೆ ಇಡುತ್ತ ಬಂದಳು.

ಹತ್ತು ಸೆಕೆಂಡು ನೆಟ್ಟನೆಯ ಏರು. ಅಲ್ಲಿ ಹೆಗಲಿಲ್ಲ, ಮೂಲೆ. ಮೂಲೆಯಿಂದ ಗೆರೆ ಧಡಲ್ಲನೆ ಕೆಳಗಿಳಿದಿತ್ತು. ಪಟ್ಟಿ ತಪ್ಪಾಗಿ ಇಟ್ಟೆನೇನೋ ಎಂದು ಅವಳು ಅಳಿಸಿ ಮತ್ತೆ ಬರೆದಳು. ಮತ್ತೆ ಮೂಲೆ ಬಂತು. ಆ ಇಳುಕಲು ಎಷ್ಟು ಕಡಿದಾಗಿದೆ ಎಂದು ಹಳೆಯದರ ಜೊತೆ ಹೋಲಿಸಿದಳು. ಎರಡೂವರೆ ಪಟ್ಟು.

ದೂರದ ನಕ್ಷೆಯಲ್ಲಿ ಮಾತ್ರ ಎರಡೂ ಒಂದೇ ಥರ ಬಳುಕಿ ಮಲಗಿದ್ದವು. ಒಂದು ಇಳಿತ ಮನುಷ್ಯನನ್ನು ಮಲಗಿಸಿಕೊಂಡು ಇಳಿಸಿತ್ತು, ಇನ್ನೊಂದು ಗುದ್ದಿ ನಿಲ್ಲಿಸಿತ್ತು. ಪರದೆ ಹಿಗ್ಗಿಸಿ ಕುಗ್ಗಿಸಿ ಕೂರಿಸಿದ ಬಳುಕಿನಲ್ಲಿ ಆ ಗುದ್ದು ಕಣ್ಣಿಗೆ ಕಾಣುವಂತೆಯೇ ಇರಲಿಲ್ಲ. ಹಂಗ ಐತಪ್ಪ, ಏನೂ ಫರಕ ಇಲ್ಲ ಎಂದು ಅವಳು ಎರಡು ಸಲ ಹೇಳಿದ್ದಳು.

ಇನ್ನೂ ಒಂದು ಬಾಕಿ ಇತ್ತು. ಅದನ್ನು ಮಾಡಲು ಅವಳಿಗೆ ಮನಸ್ಸಿರಲಿಲ್ಲ. ವೇಗದ ನಕ್ಷೆಯ ಕೆಳಗಿನ ಜಾಗವನ್ನು ಚೌಕುಳಿ ಎಣಿಸಿ ಅಳೆದರೆ ತೊಟ್ಟಿಲು ಒಟ್ಟು ಕ್ರಮಿಸಿದ ದೂರ ಬರುತ್ತದೆ. ಬುಡದ ನೀರು ಬಸಿದದ್ದು ನಿಜವಾಗಿದ್ದರೆ ಸಾವಿರದ ಇನ್ನೂರರ ಮೇಲೆ ಬರಬೇಕು. ಬರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಹಳೆಯದನ್ನು ಎಣಿಸಿದಳು. ಎಂಟುನೂರು. ಹೊಸದನ್ನು ಎಣಿಸಿದಳು. ಎಂಟುನೂರು.

ಬಾವಿ ಒಂದು ಗೇಣೂ ಹೆಚ್ಚು ಆಳವಾಗಿರಲಿಲ್ಲ. ಬೀಳುವುದಕ್ಕೆ ಕೊಟ್ಟ ಎರಡು ಸೆಕೆಂಡಿನ ದೂರವನ್ನು ನಿಲ್ಲುವ ದೂರದಿಂದ ಕಿತ್ತುಕೊಂಡಿದ್ದರು. ನೀರೂ ಸುಳ್ಳು, ನಾಲ್ಕುನೂರು ಮೀಟರೂ ಸುಳ್ಳು. ತಾಟಿನ ಮುಂದೆ ಕೂತು, ಅವಳ ಮುಖ ನೋಡುತ್ತ, ಇನ್ನೊಂದು ರೊಟ್ಟಿ ಹಾಕು ಎಂದಿದ್ದ.

ಅವಳಿಗೆ ಅಳು ಬರಲಿಲ್ಲ. ಹೊರಗೆ ನಾಲ್ಕು ಮಂದಿ ಹಿರಿಯರು ತಮ್ಮ ಪಾಳಿಗಾಗಿ ಬೆಂಚಿನ ಮೇಲೆ ಕೂತಿದ್ದರು, ಒಬ್ಬ ಅಜ್ಜಿ ನಡುಗುವ ಕೈಯಿಂದ ಚುನಮರಿ ತಿನ್ನಲು ಹೆಣಗುತ್ತಿದ್ದಳು. ಮಧುಮತಿ ಕೀಲಿ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಹೊರಗೆ ಬಂದು, ಇವತ್ತು ತೊಟ್ಟಿಲು ಇಲ್ಲ, ಮನೆಗೆ ಹೋಗಿರಿ ಎಂದಳು. "ಅಷ್ಟ ದೂರದಿಂದ ಬಂದೇವಲ್ಲವಾ" ಎಂದಳು ಅಜ್ಜಿ. ಮಧುಮತಿ ಅವಳ ಕಾಲ ಬಳಿ ಕೂತು, "ತಪ್ಪಾತಬೇ, ಆದ್ರ ಇಲ್ಲ" ಎಂದಳು. ಶಾಲೆಗೆ ಫೋನು ಮಾಡಿ ಮಕ್ಕಳನ್ನು ಕಳಿಸಬೇಡಿ ಎಂದಳು. ಎರಡು ವೇಗದ ನಕ್ಷೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ದೇವೇಂದ್ರ ಅವಳ ಹಿಂದೆಯೇ ಸ್ಕೂಟರಿನಲ್ಲಿ ಬಂದ. ಅವಳು ಅಡುಗೆಮನೆಯಲ್ಲಿ ನಿಂತಿದ್ದಳು, ಒಲೆ ಹಚ್ಚಿರಲಿಲ್ಲ.

"ಕೀಲಿ ಯಾಕ ತಂದಿ? ಮ್ಯಾಲಿನವರು ನನ್ನ ಮಾರಿಗೆ ಉಗುಳಾಕತ್ಯಾರ."

ಅವಳು ಎರಡು ಹಾಳೆಗಳನ್ನು ಕಟ್ಟೆಯ ಮೇಲೆ ಬಿಚ್ಚಿಟ್ಟಳು. ಅವನು ನೋಡಿದ. ಅವನಿಗೆ ವಿವರಿಸಿ ಹೇಳುವ ಅಗತ್ಯ ಇರಲಿಲ್ಲ.

"ನೀರ ಬಸದಿಲ್ಲ" ಎಂದಳು.

ಅವನು ಸ್ಟೂಲು ಎಳೆದುಕೊಂಡು ಕೂತು, ಬುದ್ಧಿ ಹೇಳುವ ದನಿಯಲ್ಲಿ ಶುರುಮಾಡಿದ. "ಕೇಳು ಮಧು. ಎಂಟ ಸೆಕೆಂಡಿಗೆ ನಾಲ್ಕ ದಿವಸ. ನಾಲ್ಕ ದಿವಸಕ್ಕೊಮ್ಮೆ ಯಾರ ಬರತಾರ? ಹತ್ತ ದಿವಸ ಆದ್ರ ಇಂಥಾ ತೊಟ್ಟಿಲು ದೇಶದಾಗೆಲ್ಲ ಕಟ್ಟತಾರ. ಎಷ್ಟ ಮಂದಿಗೆ ಕೈ ಬರತಾವ ನೋಡು. ನೂರ ಮಂದ್ಯಾಗ ಒಬ್ಬಿಬ್ಬರಿಗೆ ಕಣ್ಣ ಮಂಜ ಆಗಬಹುದು ಅಂತ ಹೇಳಿದ್ರು. ನೂರರಾಗ ಒಬ್ಬಿಬ್ಬರು."

"ಆ ಒಬ್ಬಿಬ್ಬರಾಗ ಸಕ್ಕರಿ ಕಾಯಿಲೆಯವರ ಇರತಾರ ಅಂತನೂ ಹೇಳಿರಬೇಕಲ್ಲ."

ಅವನು ಹಾಳೆಗಳ ಅಂಚನ್ನು ಒಂದಕ್ಕೊಂದು ಸರಿಹೊಂದಿಸಿದ.

"ಅಪ್ಪಗ ಸಕ್ಕರಿ ಐತಿ ಅಂತ ನಿನಗ ಗೊತ್ತಿತ್ತು. ದಿನಾ ಮುಂಜಾನೆ ಹೋಗಿ ಅಂವಗ ಸೂಜಿ ಚುಚ್ಚಾಂವ ನೀ" ಎಂದಳು. ಮದುವೆಯಾದಂದಿನಿಂದ ಅವನಿಗೆ ನೀವು ಎನ್ನುತ್ತಿದ್ದ ಬಾಯಿ, ಪಡಸಾಲೆಯ ದಿನಗಳ ನೀ ಎಂಬುದಕ್ಕೆ ತಾನಾಗಿಯೇ ಹೋಗಿತ್ತು. "ಅಂವನ್ನಾದ್ರೂ ಬ್ಯಾಡ ಅನಬೇಕಿತ್ತು."

"ಹೆಂಗ ಬ್ಯಾಡ ಅನ್ಲಿ? ಬೋರ್ಡ ಮ್ಯಾಲ ಅವರದ ಕೈ ಐತಿ. ಪತ್ತಾರರ ಬಿಟ್ರು ಅಂದ್ರ ಬೆಟಗೇರ್ಯಾಗ ಒಬ್ಬರೂ ಬರತಿದ್ದಿಲ್ಲ."

ಅಷ್ಟನ್ನು ಅವಳು ಹೇಗೋ ನುಂಗಿಕೊಂಡಳು. ಆದರೆ ಅವಳ ಎದೆಯಲ್ಲಿ ಇನ್ನೊಂದು ಪ್ರಶ್ನೆ ಬಸ್ಸು ಹತ್ತಿದಾಗಿನಿಂದ ಕೂತಿತ್ತು. ಕೇಳಿದರೆ ಉತ್ತರ ಬರುತ್ತದೆಂಬ ಭಯಕ್ಕೆ ಕೇಳಿರಲಿಲ್ಲ.

"ಪರದೆ ಯಾರ ಸಲುವಾಗಿ ಬದಲ ಮಾಡಿಸಿದಿ? ದೊಡ್ಡ ಮಂದಿ ಸಲುವಾಗೇನು?"

ದೇವೇಂದ್ರ ಹಾಳೆಗಳನ್ನು ನೋಡುತ್ತಲೇ ಇದ್ದ. ಸುಳ್ಳು ಹೇಳಿ ಹೇಳಿ ದಣಿದವನಂತೆ, ತೀರಾ ಸಾದಾ ದನಿಯಲ್ಲಿ ಹೇಳಿದ:

"ಬ್ಯಾರೆ ಯಾರ ಓದತಿದ್ರು ಅದನ್ನ? ನೀ ಒಬ್ಬಾಕಿ."

ಮಧುಮತಿಗೆ ಈಗ ತಿಳಿಯಿತು. ಅಪ್ಪ ತನ್ನನ್ನೇ ಕೇಳುತ್ತಾರೆ, ತಾನು ಪರದೆ ನೋಡುತ್ತೇನೆ, ನೋಡಿ ಹೂಂ ಅನ್ನುತ್ತೇನೆ ಎಂದು ಇವನಿಗೆ ಮೊದಲೇ ಗೊತ್ತಿತ್ತು. ತೊಟ್ಟಿಲಿನ ತಡೆಯನ್ನು ಲೆಕ್ಕ ಹಾಕಿದ ಹಾಗೆ ತನ್ನನ್ನೂ ಲೆಕ್ಕ ಹಾಕಿದ್ದ. ಅಪ್ಪನ ಕಣ್ಣು ಕಿತ್ತದ್ದು ಅವನ ಆಯಸ್ಕಾಂತ, ಅಪ್ಪನನ್ನು ಅದರ ಕೆಳಗೆ ಕೂರಿಸಿದ್ದು ತನ್ನ ಮಾತು. ಇಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡವನು ತನ್ನ ಬಾಯಿಂದಲೇ ಅಪ್ಪನಿಗೆ ಸುಳ್ಳು ಹೇಳಿಸಿದ್ದ.

"ಮಾವಗ ಹೇಳಬ್ಯಾಡ" ಎಂದ ದೇವೇಂದ್ರ. "ಇಷ್ಟ ವಯಸ್ಸಿನ್ಯಾಗ ಅವರ ತಡಕೊಳ್ಳೂದಿಲ್ಲ. ನಾನ ಎಂಟಕ್ಕ ಇಳಸತೇನಿ. ಸಾವಕಾಶ ಇಳಸತೇನಿ."

ಅವಳು ಹಾಳೆಗಳನ್ನು ಮಡಚಿಕೊಂಡು ಅಪ್ಪನ ಮನೆಗೆ ಹೊರಟಳು.

ಮೌನೇಶಪ್ಪ ಪಡಸಾಲೆಯಲ್ಲಿ, ಕೆಲಸದ ಮಣೆಯ ಮುಂದೆಯೇ ಕೂತಿದ್ದರು. ಎರಡೂ ಕಣ್ಣಿಗೆ ಬಿಳಿ ಪಟ್ಟಿ. ಕೈಗಳು ತೊಡೆಯ ಮೇಲಿದ್ದವು. ಮಗಳ ಹೆಜ್ಜೆ ಕೇಳಿ ಮುಖ ಎತ್ತಿದರು.

"ದೇವು ಬರಲಿಲ್ಲೇನು? ಮುಂಜಾನಿಂದ ಬೆರಳ ಸ್ವಲ್ಪ ಸ್ವಲ್ಪ ಹಾರಾಕತ್ಯಾವ. ಪಟ್ಟಿ ಬಿಚ್ಚಿದ್ದ ದಿವಸನ ಕರಕೊಂಡ ಹೊಕ್ಕೀನಿ ಅಂದಾನ."

ಇವರಿಗೆ ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ಬಾಯಿಂದ ಹೇಳಿದರೆ ನಂಬುವುದಿಲ್ಲ, ದೇವು ಹಾಗೆ ಮಾಡುವವನಲ್ಲ ಎನ್ನುತ್ತಾರೆ, ಪಟ್ಟಿ ಬಿಚ್ಚಿದ ದಿನ ಅವನ ಕೈ ಹಿಡಿದು ತೊಟ್ಟಿಲು ಹತ್ತುತ್ತಾರೆ, ಆ ಒಂದು ಕಣ್ಣೂ ಹೋಗುತ್ತದೆ. ನಕ್ಷೆ ತೋರಿಸೋಣವೆಂದರೆ ಕಣ್ಣಿಗೆ ಪಟ್ಟಿ. ಅವಳ ಕಣ್ಣು ಮಣೆಯ ಪಕ್ಕದ ಡಬ್ಬಿಯ ಮೇಲೆ ಬಿತ್ತು. ಅದರಲ್ಲಿ ಬೆಳ್ಳಿಯ ತಂತಿಯ ಸುರುಳಿ ಇತ್ತು.

ಅವಳು ಎರಡು ತುಂಡು ಕತ್ತರಿಸಿದಳು. ಒಂದನ್ನು ದೀಪಕ್ಕೆ ಹಿಡಿದು ಕಾಯಿಸಿ, ಹಳೆಯ ನಕ್ಷೆಯ ಮೇಲಿಟ್ಟು ಗೆರೆಗೆ ಸರಿಯಾಗಿ ಬಗ್ಗಿಸಿದಳು. ಇನ್ನೊಂದನ್ನು ಕಾಯಿಸಲಿಲ್ಲ. ಹೊಸ ನಕ್ಷೆಯ ಮೂಲೆಗೆ ಇಕ್ಕಳ ಹಿಡಿದು ಚಕ್ಕನೆ ಮಡಚಿದಳು.

"ಅಪ್ಪಾ, ಇದು ಮೊದಲಿನ ತೊಟ್ಟಿಲಿನ ವೇಗ. ಬೆರಳ ಆಡಸು."

ಅವರ ಹೆಬ್ಬೆರಳು ಏರು ಹತ್ತಿ, ದುಂಡು ಹೆಗಲು ದಾಟಿ, ಉದ್ದ ಇಳುಕಲಿನಲ್ಲಿ ನಿಧಾನವಾಗಿ ಇಳಿಯಿತು. "ಚಲೋ ಬಗ್ಗಿಸಿದಿ" ಎಂದರು, ಮಗಳ ಕೆಲಸ ಮೆಚ್ಚಿ.

"ಇದು ಈಗಿಂದು. ನಿನ್ನ ಕಣ್ಣ ಹೋತಲ್ಲ, ಆವತ್ತೂ ಹಿಂಗ ಇತ್ತು."

ಬೆರಳು ಏರು ಹತ್ತಿತು. ಮೂಲೆಗೆ ಬಂದು ನಿಂತಿತು. ಹಿಂದೆ ಹೋಗಿ ಮತ್ತೆ ಬಂತು. ಅಲ್ಲೇ ನಿಂತಿತು.

"ಇಲ್ಲೇ ಹೊಡೀತು ಗುಲಗಂಜಿ" ಎಂದರು ಕೊನೆಗೆ.

"ಹ್ಞೂಂ."

"ನೀ ಫರಕ ಇಲ್ಲ ಅಂದಿದ್ದಿ."

"ನನಗ ಕಾಣದಂಗ ಮಾಡಿದ್ರಪ್ಪ" ಎಂದಳು. ಆಗ ಅಳು ಬಂತು. ತಡೆಯಲು ಹೋಗದೆ ಅತ್ತಳು.

ಯಾರು ಎಂದು ಅವರು ಕೇಳಲಿಲ್ಲ. ಮೂಲೆಯನ್ನು ಎರಡು ಬೆರಳ ನಡುವೆ ಹಿಡಿದು ಒಂದು ಸಲ ತೆರೆದು ಒಂದು ಸಲ ಮುಚ್ಚಿದರು. ತಂತಿ ಅಲ್ಲೇ ಮುರಿದು ಎರಡಾಯಿತು.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ದೇವೇಂದ್ರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಹೆಂಡತಿಯ ಮುಖ ನೋಡಲಿಲ್ಲ. ನೇರ ಮಾವನ ಮುಂದೆ ಕೂತು, ಎಂದಿನ ಮಮತೆಯ ದನಿಯಲ್ಲೇ ಹೇಳಿದ: "ಮಾವಾ, ಕೈ ಮತ್ತ ಸುರು ಆಗ್ಯಾವಲ್ಲ? ಚಿಂತಿ ಮಾಡಬ್ಯಾಡ್ರಿ, ನಾ ಎಲ್ಲ ಹೊಂದಸತೇನಿ."

"ಬಂದೇನು ದೇವು" ಎಂದರು ಮೌನೇಶಪ್ಪ. "ಕೈ ಚಾಚು."

ಅವನು ಕೈ ಚಾಚಿದ. ಅವರು ತಡವರಿಸಿ ಅವನ ಅಂಗೈ ಹುಡುಕಿ, ಮುರಿದ ಎರಡು ತುಂಡುಗಳನ್ನು ಅದರಲ್ಲಿಟ್ಟರು. ಅವರ ಕೈ ಈಗ ಚೆನ್ನಾಗಿಯೇ ನಡುಗುತ್ತಿತ್ತು.

"ಕಾಯಸಲಾರದ ಬಗ್ಗಿಸ್ಯಾರ ನೋಡು ಇದನ್ನ" ಎಂದರು. "ಒಳಗ ಎಲ್ಲಿ ಸೀಳೈತಿ ನೀನ ನೋಡಿ ಹೇಳು. ನಿನಗ ಎರಡೂ ಕಣ್ಣ ಅದಾವಲ್ಲ."

ದೇವೇಂದ್ರ ತಲೆ ತಗ್ಗಿಸಿದ. ಮೌನೇಶಪ್ಪ ಕಿಸೆಯಿಂದ ಗುಲಗಂಜಿ ತೆಗೆದು, "ಇನ್ನ ಇದನ್ನ ತೊಟ್ಟಿಲಿಗೆ ಒಯ್ಯೂದಿಲ್ಲ" ಎಂದು ಮಗಳತ್ತ ಹಿಡಿದರು. ಅದು ಬೆರಳಿನಿಂದ ಜಾರಿ ಮಣೆಯ ಮೇಲೆ ಬಿದ್ದು, ಉರುಳಿ, ತಕ್ಕಡಿಯ ಪಕ್ಕ ಹೋಗಿ ನಿಂತಿತು. ಅಪ್ಪನ ನಡುಗುವ ಕೈಯನ್ನು ಮಧುಮತಿ ಹಿಡಿದು ನಿಲ್ಲಿಸಲು ಹೋಗಲಿಲ್ಲ.